ಮಾತ್ರೆ ಡಬ್ಬಿಯೊಳಗಿನ ಕಾಗದ

"ಆ ಪೇಪರ್ ಯಾಕೆ ಮೇಡಂ ನಿಮ್ಗೆ?"

ಮೆಡಿಕಲ್ ಶಾಪಿನ ಹುಡುಗ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ ಬಿಡಿ. ಡಾಕ್ಟರ್ ಬರೆದುಕೊಟ್ಟಿದ್ದು ನಾರೆಥಿಸ್ಟೆರಾನ್ 5 ಮಿಲಿಗ್ರಾಂ, ದಿನಕ್ಕೆ ಮೂರು, ಏಳು ದಿನ. ಅವನು ಎರಡು ಸ್ಟ್ರಿಪ್ ಇಟ್ಟು, ಮೂರನೆಯದರಿಂದ ಒಂದೇ ಒಂದು ಮಾತ್ರೆಯನ್ನು ಕತ್ತರಿಯಲ್ಲಿ ಕಚಕ್ ಅಂತ ಕತ್ತರಿಸಿ ಕವರಿಗೆ ಹಾಕಿದ. ಆ ಒಂಟಿ ಮಾತ್ರೆಯ ಹಿಂದೆ ಹೆಸರೂ ಇಲ್ಲ, ಎಕ್ಸ್‌ಪೈರಿ ತಾರೀಕೂ ಇಲ್ಲ. ಡಬ್ಬಿ ಅವನ ಹತ್ತಿರವೇ ಉಳಿಯಿತು, ಅದರೊಳಗೆ ಮಡಿಸಿಟ್ಟ ಕಾಗದವೂ. ನಾನು ಆ ಕಾಗದ ಬೇಕು ಅಂದೆ. ಹಿಂದೆ ಕ್ಯೂನಲ್ಲಿದ್ದ ಅಂಕಲ್ ಒಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

ನನಗೆ ಹದಿನೈದು ದಿನ ಕಳೆದರೂ ಮುಟ್ಟು ನಿಂತಿರಲಿಲ್ಲ. ಹಿಮೋಗ್ಲೋಬಿನ್ ಎಂಟಕ್ಕೆ ಇಳಿದಿತ್ತು, ಆಫೀಸಿನ ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲೆ. ಹಾಗಾಗಿ ಮಾತ್ರೆ ಬೇಡ ಅನ್ನೋ ಪ್ರಶ್ನೆಯೇ ಇರಲಿಲ್ಲ. ಆದರೆ ಕಾಗದ ಓದದೆ ನುಂಗಬಾರದು ಅನ್ನೋ ಹಠ ಮಾತ್ರ ಇತ್ತು. ಅದಕ್ಕೆ ಕಾರಣ ನನ್ನ ಚಿಕ್ಕಮ್ಮ.

ಎರಡು ವರ್ಷದ ಹಿಂದೆ ಅವರ ಮನೆಯ ಗೃಹಪ್ರವೇಶ. ಅದಾದ ಮೇಲೆ ಎಲ್ಲರೂ ಒಟ್ಟಿಗೆ ಧರ್ಮಸ್ಥಳಕ್ಕೆ ಅಂತ ಮೊದಲೇ ನಿಶ್ಚಯ. ಲೆಕ್ಕ ಹಾಕಿದರೆ ಚಿಕ್ಕಮ್ಮನ "ದಿನ" ಸರಿಯಾಗಿ ನಡುವೆ ಬರುತ್ತಿತ್ತು. ಪಕ್ಕದ ಮನೆಯವರು ಒಂದು ಮಾತ್ರೆಯ ಹೆಸರು ಹೇಳಿದರು, ಚಿಕ್ಕಪ್ಪ ಹೋಗಿ ತಂದರು. ಚೀಟಿ ಯಾರೂ ಕೇಳಲಿಲ್ಲ. ಇಪ್ಪತ್ತು ದಿನ ನುಂಗಿದರು, ದಿನಕ್ಕೆ ಮೂರರಂತೆ. ಇದೇ ನಾರೆಥಿಸ್ಟೆರಾನ್. ರಾತ್ರಿ ಬಸ್ಸಿನಲ್ಲಿ ಹೋಗಿ ಬಂದ ಮೇಲೆ ಎಡಗಾಲಿನ ಮೀನಖಂಡ ಊದಿಕೊಂಡಿತು. ಉಳುಕಿದೆ ಅಂತ ಎಣ್ಣೆ ಹಚ್ಚಿ ತಿಕ್ಕಿದ್ದೂ ಆಯಿತು. ಮೂರನೇ ದಿನ ಆಸ್ಪತ್ರೆಗೆ ಹೋದಾಗ ಡಾಕ್ಟರ್ ಕೇಳಿದರು, ಯಾವುದಾದರೂ ಮಾತ್ರೆ ತಗೋತಿದೀರಾ ಅಂತ. ಚಿಕ್ಕಮ್ಮ "ಇಲ್ಲ" ಅಂದರು. ಇನ್ನೊಮ್ಮೆ ಕೇಳಿದರು, ಇಲ್ಲ. ಬಿ.ಪಿ. ಇಲ್ಲ, ಶುಗರ್ ಇಲ್ಲ, ಇನ್ಯಾವ ಮಾತ್ರೆ? ಸ್ಕ್ಯಾನಿನಲ್ಲಿ ರಕ್ತನಾಳದೊಳಗೆ ಹೆಪ್ಪುಗಟ್ಟಿದ್ದು ಕಂಡ ಮೇಲೆ ಮೂರನೇ ಸಲ ಬಿಡಿಸಿ ಕೇಳಿದಾಗಲೇ ನೆನಪಾಗಿದ್ದು. ಸುಳ್ಳು ಹೇಳಿದ್ದಲ್ಲ ಅವರು. ಮುಟ್ಟು ಮುಂದೆ ಹಾಕೋದು ಅವರ ಲೆಕ್ಕದಲ್ಲಿ ಔಷಧಿಯೇ ಅಲ್ಲ, ಹಬ್ಬದ ತಯಾರಿ. ಮಾತ್ರೆಯಿಂದಲೇ ಆಯಿತು ಅಂತ ಡಾಕ್ಟರೂ ಖಡಾಖಂಡಿತವಾಗಿ ಹೇಳಲಿಲ್ಲ. ನಲವತ್ತು ದಾಟಿದ ವಯಸ್ಸು, ತೂಕ, ರಾತ್ರಿಯಿಡೀ ಕಾಲು ಇಳಿಬಿಟ್ಟು ಕೂತಿದ್ದು, ಮಾತ್ರೆ, ಎಲ್ಲಾ ಸೇರಿರಬಹುದು ಅಂದರು. ಆರು ತಿಂಗಳು ರಕ್ತ ತೆಳುವಾಗಿಸುವ ಔಷಧಿ ತಗೊಂಡು ಈಗ ಆರಾಮಾಗಿದ್ದಾರೆ.

ಸರಿ, ಕಾಗದ ಮನೆಗೆ ತಂದೆ. ಬಿಡಿಸಿದರೆ ಟೇಬಲ್ ಮೇಲೆ ಹಾಸುವಷ್ಟು ದೊಡ್ಡದು, ಅಕ್ಷರ ಮಾತ್ರ ಸಾಸಿವೆ ಕಾಳಿನಷ್ಟು. ಪೂರ್ತಿ ಇಂಗ್ಲಿಷ್. ಮೇಲೆಯೇ ಇದು ನೋಂದಾಯಿತ ವೈದ್ಯರ ಉಪಯೋಗಕ್ಕೆ ಅಂತ ಬರೆದಿದೆ. ನಾವು ಬರೆಯುವ ರಿಲೀಸ್ ನೋಟ್ಸಿನ ಹಾಗೆ, ಯಾರಿಗೆ ಬೇಕೋ ಅವರು ಓದಬಾರದು ಅಂತಲೇ ಬರೆದಂತೆ :) ಈ ಕಾಗದ ಹುಟ್ಟಿದ್ದು ಎಲ್ಲಿಂದ ಅಂತ ಹುಡುಕುತ್ತಾ ಕೂತೆ. ಒಂದು ಶನಿವಾರ, ಭಾನುವಾರ ಪೂರ್ತಿ ಅದರಲ್ಲೇ ಹೋಯಿತು.

ಕಥೆ ಶುರುವಾಗೋದು ಮೆಕ್ಸಿಕೋದ ಒಂದು ಕಾಡು ಗೆಣಸಿನಿಂದ. 1940ರ ದಶಕದಲ್ಲಿ ಪ್ರೊಜೆಸ್ಟರಾನ್ ಅಂದರೆ ಬಂಗಾರಕ್ಕಿಂತ ದುಬಾರಿ. ಮುಟ್ಟಿನ ತೊಂದರೆಗೆ, ಗರ್ಭ ನಿಲ್ಲದವರಿಗೆ ಅದನ್ನು ಕೊಡುತ್ತಿದ್ದರು. ರಸೆಲ್ ಮಾರ್ಕರ್ ಎಂಬ ಅಮೆರಿಕದ ರಸಾಯನಶಾಸ್ತ್ರಜ್ಞ ಅದನ್ನು ಗೆಣಸಿನ ಜಾತಿಯ ಗಡ್ಡೆಯಿಂದ ತಯಾರಿಸಬಹುದು ಅಂತ ತೋರಿಸಿದ. ಅವನ ದೇಶದ ಕಂಪನಿಗಳು ದುಡ್ಡು ಹಾಕಲು ಒಪ್ಪದಿದ್ದಾಗ ಮೆಕ್ಸಿಕೋಗೇ ಹೋಗಿ 1944ರಲ್ಲಿ ಸಿಂಟೆಕ್ಸ್ ಎಂಬ ಕಂಪನಿಗೆ ಪಾಲುದಾರನಾದ, ಮರುವರ್ಷವೇ ಜಗಳವಾಡಿ ಹೊರಟೂ ಹೋದ. ಪ್ರೊಜೆಸ್ಟರಾನ್ ಅಗ್ಗವಾಯಿತು ನಿಜ, ಆದರೆ ನುಂಗಿದರೆ ಲಿವರಿನಲ್ಲೇ ಬಹುಪಾಲು ಹಾಳಾಗುತ್ತಿತ್ತು. ಇಂಜೆಕ್ಷನ್ನೇ ಗತಿ, ಅದೂ ವಿಪರೀತ ನೋವಿನ ಇಂಜೆಕ್ಷನ್. ನುಂಗಲು ಬರುವಂಥದ್ದು ಬೇಕು ಅಂತ ಅದೇ ಸಿಂಟೆಕ್ಸಿನಲ್ಲಿ ಕಾರ್ಲ್ ಜೆರಾಸಿ, ಜಾರ್ಜ್ ರೋಸೆನ್‌ಕ್ರಾಂಜ್ ಮತ್ತು ಲೂಯಿಸ್ ಮಿರಾಮೊಂಟೆಸ್ ಕೆಲಸ ಮಾಡಿದರು. 1951ರ ಅಕ್ಟೋಬರ್ 15ರಂದು ಮಿರಾಮೊಂಟೆಸ್ ಕೈಯಲ್ಲಿ ನಾರೆಥಿಸ್ಟೆರಾನ್ ತಯಾರಾಯಿತು. ಅವನಿಗಾಗ 26 ವರ್ಷ, ಜೆರಾಸಿಗೆ 27. (ನನ್ನ ವಯಸ್ಸಿನವರು. ನಾನು ಆ ವಯಸ್ಸಿನಲ್ಲಿ ಒಂದು ಬಟನ್ನಿನ ಬಣ್ಣ ಬದಲಿಸುವ ಟಿಕೆಟ್ ಮುಗಿಸುತ್ತಿದ್ದೆ.)

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಗರ್ಭನಿರೋಧಕ ಮಾಡಬೇಕು ಅಂತ ಆಗ ಅವರ ತಲೆಯಲ್ಲಿರಲಿಲ್ಲ. ಅದು ಹುಟ್ಟಿದ್ದೇ ಮುಟ್ಟಿನ ತೊಂದರೆಗೆ ಚಿಕಿತ್ಸೆಯಾಗಿ. ನಾವೆಲ್ಲ ಅಂದುಕೊಂಡಿರುವುದು ಉಲ್ಟಾ, ಗರ್ಭನಿರೋಧಕವನ್ನೇ ಆಮೇಲೆ ಬೇರೆ ಕಾಯಿಲೆಗೆ ಕೊಡ್ತಾರೆ ಅಂತ.

ಇತ್ತ ಅಮೆರಿಕದಲ್ಲಿ ಸರ್ಲ್ ಕಂಪನಿಯ ಫ್ರಾಂಕ್ ಕೋಲ್ಟನ್ ಇದರದೇ ತಮ್ಮನಂಥ ನಾರೆಥಿನೋಡ್ರೆಲ್ ತಯಾರಿಸಿದ. ಗ್ರೆಗರಿ ಪಿಂಕಸ್ ಎಂಬ ವಿಜ್ಞಾನಿ ಮತ್ತು ಜಾನ್ ರಾಕ್ ಎಂಬ ಸ್ತ್ರೀರೋಗ ತಜ್ಞ ಅದನ್ನು ಹೆಂಗಸರ ಮೇಲೆ ಪರೀಕ್ಷಿಸಲು ಶುರುಮಾಡಿದರು. ಇದರಲ್ಲೊಂದು ತಮಾಷೆ ಇದೆ. ಮೊದಲ ಬ್ಯಾಚಿನ ಮಾತ್ರೆಗಳಲ್ಲಿ ಶೇಕಡಾ ಒಂದೆರಡರಷ್ಟು ಕಲ್ಮಶ ಸೇರಿತ್ತು. ಅದು ಮೆಸ್ಟ್ರನಾಲ್ ಎಂಬ ಈಸ್ಟ್ರೋಜೆನ್. ಕಲ್ಮಶ ತೆಗೆದು ಶುದ್ಧ ಮಾಡಿ ಕೊಟ್ಟರೆ ಹೆಂಗಸರಿಗೆ ತಿಂಗಳ ನಡುನಡುವೆ ರಕ್ತ ಕಾಣಿಸತೊಡಗಿತು. ಸರಿ, ಕಲ್ಮಶವನ್ನೇ ಅಳತೆ ಮಾಡಿ ವಾಪಸ್ ಸೇರಿಸಿದರು. ಬಗ್ ಅನ್ನು ಫೀಚರ್ ಮಾಡಿದ ಕೆಲಸ ನಮ್ಮ ಕಾಲದ್ದೇ ಅಲ್ಲ ನೋಡಿ. ಹೀಗೆ ಬಂದ ಎನೋವಿಡ್ ಮಾತ್ರೆಯಲ್ಲಿ ಮೆಸ್ಟ್ರನಾಲ್ 150 ಮೈಕ್ರೋಗ್ರಾಂ. ಇವತ್ತಿನ ಸಾಮಾನ್ಯ ಸಂಯುಕ್ತ ಮಾತ್ರೆಗಳಲ್ಲಿ ಎಥಿನೈಲ್ ಈಸ್ಟ್ರಡಯೋಲ್ 20ರಿಂದ 35 ಮೈಕ್ರೋಗ್ರಾಂ. ಎರಡರ ಶಕ್ತಿ ಸ್ವಲ್ಪ ಹೆಚ್ಚುಕಮ್ಮಿ, ಆದರೂ ಅಂತರ ಎಷ್ಟು ಅಂತ ಅಂದಾಜಾಗುತ್ತದೆ.

1956ರಲ್ಲಿ ಪೋರ್ಟೊರಿಕೋದಲ್ಲಿ ದೊಡ್ಡ ಪ್ರಯೋಗ ಶುರುವಾಯಿತು, ರಿಯೋ ಪಿಯೆದ್ರಾಸಿನ ಬಡವರ ವಸತಿಗಳಲ್ಲಿ. ಇದು ಪ್ರಯೋಗ ಅಂತ ಆ ಹೆಂಗಸರಿಗೆ ಯಾರೂ ಹೇಳಿರಲಿಲ್ಲ. ಅಲ್ಲಿ ಉಸ್ತುವಾರಿ ನೋಡಿಕೊಂಡಿದ್ದವರು ಡಾ. ಎಡ್ರಿಸ್ ರೈಸ್-ರೇ. ಗರ್ಭ ತಡೆಯೋದರಲ್ಲಿ ಮಾತ್ರೆ ಪಕ್ಕಾ, ಆದರೆ ಶೇಕಡಾ 17ರಷ್ಟು ಹೆಂಗಸರಿಗೆ ವಾಕರಿಕೆ, ತಲೆಸುತ್ತು, ತಲೆನೋವು, ವಾಂತಿ. ಎಲ್ಲರಿಗೂ ಕೊಡುವಂಥದ್ದಲ್ಲ ಇದು ಅಂತ ಅವರು ವರದಿ ಬರೆದರು. ಬಾಸ್ಟನ್ ಕಡೆಯ ದೊಡ್ಡವರು ಅದನ್ನು ಮನಸ್ಸಿನ ಭ್ರಮೆ ಅಂತ ಪಕ್ಕಕ್ಕಿಟ್ಟರು. ಇದನ್ನು ಓದಿದಾಗ ನನಗೆ ಸಿಟ್ಟು ಬಂತು ಅನ್ನೋದಕ್ಕಿಂತ ಪರಿಚಯದ ಮುಖ ಕಂಡಂತಾಯಿತು. "ಟೆನ್ಷನ್ ಮಾಡ್ಕೋಬೇಡಿ, ಮದುವೆ ಆದ್ರೆ ಸರಿಹೋಗುತ್ತೆ" ಅನ್ನೋದನ್ನ ಹೊಟ್ಟೆನೋವು ಅಂತ ಹೋದ ನಮ್ಮಲ್ಲಿ ಎಷ್ಟು ಜನ ಕೇಳಿಲ್ಲ ಹೇಳಿ?

1957ರಲ್ಲಿ ಅಮೆರಿಕದ ಔಷಧಿ ಇಲಾಖೆ ಎನೋವಿಡ್‌ಗೆ ಒಪ್ಪಿಗೆ ಕೊಟ್ಟಿತು, ಮುಟ್ಟಿನ ತೊಂದರೆಗಳ ಚಿಕಿತ್ಸೆಗೆ ಮಾತ್ರ. ನಮ್ಮ ನಾರೆಥಿಸ್ಟೆರಾನಿಗೂ ಅದೇ ವರ್ಷ, ಅಂಥದ್ದೇ ಒಪ್ಪಿಗೆ. ಈ ಮಾತ್ರೆ ಅಂಡೋತ್ಪತ್ತಿಯನ್ನು ತಡೆಯುತ್ತದೆ ಅಂತ ಎನೋವಿಡ್‌ನ ಲೇಬಲ್ಲಿನಲ್ಲಿ ಎಚ್ಚರಿಕೆ ಇತ್ತು. ಎಚ್ಚರಿಕೆಯೇ ಜಾಹೀರಾತಾಯಿತು. ಎರಡು ವರ್ಷದಲ್ಲಿ ಐದು ಲಕ್ಷಕ್ಕೂ ಹೆಚ್ಚು ಅಮೆರಿಕನ್ ಹೆಂಗಸರಿಗೆ ಇದ್ದಕ್ಕಿದ್ದಂತೆ ಮುಟ್ಟಿನ ತೊಂದರೆ ಶುರುವಾಗಿತ್ತು! 1960ರಲ್ಲಿ ಗರ್ಭನಿರೋಧಕ ಅಂತಲೇ ಒಪ್ಪಿಗೆ ಸಿಕ್ಕಿತು. ಆ ಭಾಗದ ಇತಿಹಾಸ ಎಲ್ಲರಿಗೂ ಗೊತ್ತು, ಅದಕ್ಕೆ ನಾನು ಹೋಗಲ್ಲ.

ನನಗೆ ಬೇಕಾದದ್ದು ನಿಜವಾಗಿಯೂ ಕಾಯಿಲೆಗೆ ಅಂತ ಮಾತ್ರೆ ತಗೊಂಡವರ ಕಥೆ. ಎಂಡೋಮೆಟ್ರಿಯೋಸಿಸ್ ಅಂತ ಒಂದಿದೆಯಲ್ಲ, ಗರ್ಭಕೋಶದ ಒಳಪದರದಂಥದ್ದೇ ಅಂಗಾಂಶ ಹೊರಗೆ ಎಲ್ಲೆಲ್ಲೋ ಬೆಳೆದು ಪ್ರತಿ ತಿಂಗಳೂ ಜೀವ ಹಿಂಡೋದು. ರಾಬರ್ಟ್ ಕಿಸ್ಟ್ನರ್ ಎಂಬ ಬಾಸ್ಟನ್ ವೈದ್ಯ 1958ರ ಹೊತ್ತಿಗೆ ಇದಕ್ಕೆ ಹೊಸ ಮಾತ್ರೆಗಳನ್ನು ಬಿಡುವಿಲ್ಲದೆ, ಏರಿಸಿದ ಪ್ರಮಾಣದಲ್ಲಿ ಕೊಡುವ ವಿಧಾನ ಪ್ರಕಟಿಸಿದ. ದೇಹಕ್ಕೆ ಬಸಿರು ಅಂತ ನಂಬಿಸಿ ಮುಟ್ಟನ್ನೇ ನಿಲ್ಲಿಸೋದು. ಅನೇಕರಿಗೆ ನೋವು ಇಳಿಯಿತು. ಅಲ್ಲಿಯವರೆಗೆ ಆಪರೇಷನ್ ಬಿಟ್ಟರೆ ಹೆಚ್ಚಿನ ದಾರಿ ಇರಲಿಲ್ಲ ಅನ್ನೋದನ್ನೂ ನೆನಪಿಡಬೇಕು.

1961ರ ನವೆಂಬರ್. ಇಂಗ್ಲೆಂಡಿನ ಸಫೋಕ್ ಪ್ರಾಂತ್ಯದ ಡಬ್ಲ್ಯೂ. ಎಂ. ಜೋರ್ಡನ್ ಎಂಬ ಸಾಮಾನ್ಯ ವೈದ್ಯ ಲ್ಯಾನ್ಸೆಟ್ ಪತ್ರಿಕೆಗೆ ಒಂದು ಪತ್ರ ಬರೆದ. ಅವನ ರೋಗಿ ನಲವತ್ತು ವರ್ಷದ ನರ್ಸ್. ಎಂಡೋಮೆಟ್ರಿಯೋಸಿಸ್‌ಗೆ ಎನೋವಿಡ್ ತಗೊಳ್ಳುತ್ತಿದ್ದಾಕೆಗೆ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಇದಕ್ಕೂ ಮಾತ್ರೆಗೂ ಸಂಬಂಧ ಇರಬಹುದೇ ಅನ್ನೋದು ಪತ್ರದ ಪ್ರಶ್ನೆ. ಈ ಅಪಾಯದ ಬಗ್ಗೆ ಅಚ್ಚಾದ ಮೊದಲ ವರದಿ ಅದು.

ಈ ಸಾಲು ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಚಿಕ್ಕಮ್ಮನ ವಯಸ್ಸು. ಗರ್ಭನಿರೋಧಕಕ್ಕೆ ಅಲ್ಲವೇ ಅಲ್ಲ, ಚಿಕಿತ್ಸೆಗೆ. ಅದೂ ಆಸ್ಪತ್ರೆಯ ವಿಷಯ ಬಲ್ಲ ನರ್ಸ್. ಮತ್ತೆ ಸಂಬಂಧ ಇರಬಹುದೇ ಅಂತ ಕೇಳಿದ್ದು ಕಂಪನಿಯಲ್ಲ, ದೊಡ್ಡ ಪ್ರಯೋಗಾಲಯವೂ ಅಲ್ಲ, ಹಳ್ಳಿಗಾಡಿನ ಒಬ್ಬ ಡಾಕ್ಟರ್. ಏನು ಮಾತ್ರೆ ತಗೋತಿದ್ದೆ ಅಂತ ಅವನಿಗೆ ಗೊತ್ತಿತ್ತು, ಅಷ್ಟೇ ವ್ಯತ್ಯಾಸ.

ಒಂದು ಪತ್ರ ಪುರಾವೆಯಾಗಲ್ಲ. ಬ್ರಿಟನ್ನಿನ ಇನ್ಮನ್, ವೆಸ್ಸಿ, ಡಾಲ್ ಮುಂತಾದವರು ಲೆಕ್ಕ ಹಾಕಿ ಸಂಬಂಧ ಇದೆ ಅಂತ ಗಟ್ಟಿಯಾಗಿ ಹೇಳುವಷ್ಟರಲ್ಲಿ 1968 ಆಗಿತ್ತು. ಬ್ರಿಟನ್, ಸ್ವೀಡನ್, ಡೆನ್ಮಾರ್ಕುಗಳ ವರದಿಗಳನ್ನು ಕೂಡಿಸಿ ನೋಡಿದಾಗ ಈಸ್ಟ್ರೋಜೆನ್ ಪ್ರಮಾಣ ಏರಿದಷ್ಟೂ ಅಪಾಯ ಏರುವುದು ಕಂಡಿತು. 1969ರ ಡಿಸೆಂಬರಿನಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ 50 ಮೈಕ್ರೋಗ್ರಾಂ ಮೀರದ ಮಾತ್ರೆಗಳನ್ನೇ ಬರೆಯಿರಿ ಅಂತ ವೈದ್ಯರಿಗೆ ಹೇಳಿತು. ಇವತ್ತಿನ ಮಾತ್ರೆ ಅಷ್ಟು ಕಡಿಮೆ ಪ್ರಮಾಣದ್ದಾಗಿರುವುದರ ಹಿಂದೆ ಆ ಎಂಟು ವರ್ಷಗಳ ಹೆಂಗಸರ ಕಾಲು, ಎದೆ, ಮೆದುಳುಗಳ ಲೆಕ್ಕ ಇದೆ.

ಆದರೆ ಹೇಳಿದ್ದು ವೈದ್ಯರಿಗೆ. ನುಂಗುವವಳಿಗೆ ಹೇಳುವವರು ಯಾರು?

1969ರಲ್ಲೇ ಬಾರ್ಬರಾ ಸೀಮನ್ ಎಂಬ ಪತ್ರಕರ್ತೆ ಈ ಅಪಾಯಗಳ ಬಗ್ಗೆ ಒಂದು ಪುಸ್ತಕ ಬರೆದರು. ಅದನ್ನು ಓದಿದ ಸೆನೆಟರ್ ಗೇಲಾರ್ಡ್ ನೆಲ್ಸನ್ 1970ರ ಜನವರಿಯಲ್ಲಿ ವಾಷಿಂಗ್ಟನ್ನಿನಲ್ಲಿ ಸಾರ್ವಜನಿಕ ವಿಚಾರಣೆ ಕರೆದರು. ಸೆನೆಟರುಗಳು ಕೂತರು, ತಜ್ಞರು ಸಾಕ್ಷಿ ಹೇಳಿದರು. ಮಾತ್ರೆ ನುಂಗಿ ತೊಂದರೆ ಅನುಭವಿಸಿದ ಒಬ್ಬಳೇ ಒಬ್ಬ ಹೆಂಗಸನ್ನೂ ಸಾಕ್ಷಿಗೆ ಕರೆದಿರಲಿಲ್ಲ. ಪ್ರೇಕ್ಷಕರ ಸಾಲಿನಲ್ಲಿ ಕೂತಿದ್ದ ಆಲಿಸ್ ವುಲ್ಫ್‌ಸನ್ ಮತ್ತು ಗೆಳತಿಯರು ಎದ್ದು ನಿಂತು ಕೂಗಾಡಿ ಕೇಳಿದ್ದು ಇದನ್ನೇ. ನಮ್ಮ ದೇಹ, ನಮ್ಮನ್ನು ಯಾಕೆ ಕೇಳ್ತಿಲ್ಲ? ಟಿವಿ ಕ್ಯಾಮೆರಾಗಳು ಸೆನೆಟರುಗಳನ್ನು ಬಿಟ್ಟು ಇವರ ಕಡೆ ತಿರುಗಿದವು.

ಮಾರ್ಚಿನಲ್ಲಿ ಔಷಧಿ ಇಲಾಖೆಯ ಮುಖ್ಯಸ್ಥ ಚಾರ್ಲ್ಸ್ ಎಡ್ವರ್ಡ್ಸ್, ಪ್ರತಿ ಡಬ್ಬಿಯಲ್ಲೂ ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಒಂದು ಕಾಗದ ಇಡಬೇಕು ಅಂತ ಕರಡು ತಂದ. ಸುಮಾರು 600 ಪದ. ಕಂಪನಿಗಳು ಬೇಡ ಅಂದವು, ಅದು ಅರ್ಥವಾಗುತ್ತದೆ. ವೈದ್ಯರ ಸಂಘವೂ ಬೇಡ ಅಂದಿತು! ರೋಗಿಗೂ ವೈದ್ಯರಿಗೂ ನಡುವೆ ಕಾಗದ ಬಂದರೆ ನಂಬಿಕೆ ಹಾಳಾಗುತ್ತದಂತೆ. ಕೊನೆಗೆ ಜೂನಿನಲ್ಲಿ ಒಪ್ಪಿಗೆಯಾದದ್ದು ಸುಮಾರು 100 ಪದದ ತುಂಡು. ಹೆಪ್ಪುಗಟ್ಟುವ ಅಪಾಯದ ಹೆಸರು ಹೇಳಿ, ಉಳಿದದ್ದು ಬೇಕಿದ್ದರೆ ಡಾಕ್ಟರನ್ನು ಕೇಳಿ ಪುಸ್ತಿಕೆ ತಗೊಳ್ಳಿ ಅಂತ. ಅದಕ್ಕೂ ಮುಂಚೆ 1968ರಲ್ಲಿ ಒಂದು ಆಸ್ತಮಾ ಇನ್‌ಹೇಲರಿಗೆ ಚಿಕ್ಕ ಎಚ್ಚರಿಕೆ ಬರೆಸಿದ್ದು ಬಿಟ್ಟರೆ, ಅಮೆರಿಕದಲ್ಲಿ ನೇರವಾಗಿ ರೋಗಿಗೇ ಬರೆದ ಕಾಗದ ಇದೇ. ಪೂರ್ಣ ಪ್ರಮಾಣದ ಕಾಗದ ಕಡ್ಡಾಯವಾಗಲು 1978ರವರೆಗೆ ಕಾಯಬೇಕಾಯಿತು.

ನಮ್ಮಲ್ಲಿ ಏನಾಯಿತು ಅಂತೀರಾ? ನಿಮ್ಮ ಅಮ್ಮಂದಿರನ್ನು ಕೇಳಿ ನೋಡಿ, ಇ.ಪಿ. ಫೋರ್ಟ್ ಅನ್ನೋ ಹೆಸರು ಕೆಲವರಿಗಾದರೂ ನೆನಪಿರುತ್ತದೆ. ಈಸ್ಟ್ರೋಜೆನ್, ಪ್ರೊಜೆಸ್ಟರಾನ್ ಎರಡನ್ನೂ ಭಾರೀ ಪ್ರಮಾಣದಲ್ಲಿ ಸೇರಿಸಿದ ಮಾತ್ರೆ, ಇಂಜೆಕ್ಷನ್. ಮುಟ್ಟು ನಿಂತವರ ಚಿಕಿತ್ಸೆಗೆ ಅಂತ ಲೈಸೆನ್ಸ್. ಬಳಸುತ್ತಿದ್ದದ್ದು ಬಸಿರಾ ಅಲ್ಲವಾ ಅಂತ ನೋಡಲು, ಕೆಲವೊಮ್ಮೆ ಬಸಿರು ಇಳಿಸಲು. ಇಂಥ ಹಾರ್ಮೋನ್ ಪರೀಕ್ಷೆಯಿಂದ ಮಗುವಿಗೆ ತೊಂದರೆಯಾಗಬಹುದು ಅಂತ ಇಸಾಬೆಲ್ ಗಾಲ್ ಎಂಬ ವೈದ್ಯೆ ಬ್ರಿಟನ್ನಿನಲ್ಲಿ 1967ರಲ್ಲೇ ಎಚ್ಚರಿಸಿದ್ದರು. (ಆ ವಾದ ಇನ್ನೂ ಪೂರ್ತಿ ಬಗೆಹರಿದಿಲ್ಲ.) ಇಲ್ಲಿ 1982ರಲ್ಲಿ ನಿಷೇಧದ ಆದೇಶ ಹೊರಟಿತು, ಕಂಪನಿಗಳು ಹೈಕೋರ್ಟಿನಿಂದ ತಡೆ ತಂದವು. ಮಹಿಳಾ ಸಂಘಟನೆಗಳು ವರ್ಷಗಟ್ಟಲೆ ಬಡಿದಾಡಿ, ಸುಪ್ರೀಂ ಕೋರ್ಟಿನ ತನಕ ಹೋಗಿ, ಸಾರ್ವಜನಿಕ ವಿಚಾರಣೆಗಳಾಗಿ 1988ರಲ್ಲಿ ಭಾರೀ ಪ್ರಮಾಣದ ಇಂಥ ಮಿಶ್ರಣಗಳು ನಿಷೇಧವಾದವು. ಆದರೆ ಡಬ್ಬಿಯೊಳಗೆ ನಮಗೆ ಅಂತ, ನಮ್ಮ ಭಾಷೆಯಲ್ಲಿ ಕಾಗದ ಮಾತ್ರ ಬರಲಿಲ್ಲ. ಇರುವುದು ಡಾಕ್ಟರಿಗೆ ಬರೆದದ್ದು. ಅದೂ ಅಂಗಡಿಯಲ್ಲೇ ಉಳಿಯುತ್ತದೆ, ಯಾಕಂದರೆ ಸ್ಟ್ರಿಪ್ಪಿಗೆ ಕತ್ತರಿ ಬೀಳುತ್ತದಲ್ಲ.

ಈಗ ನನ್ನ ಏಳು ದಿನದ ಮಾತ್ರೆಗೆ ಬರ್ತೀನಿ. "ಇದು ಬರೀ ಪ್ರೊಜೆಸ್ಟರಾನ್ ಥರದ್ದು, ಈಸ್ಟ್ರೋಜೆನ್ ಇಲ್ಲ, ಹಾಗಾಗಿ ಹೆಪ್ಪುಗಟ್ಟೋ ಭಯ ಇಲ್ಲ" ಅಂತ ಗೆಳತಿಯೊಬ್ಬಳು ಧೈರ್ಯ ಹೇಳಿದ್ದಳು. ಅದು ಪೂರ್ತಿ ಸರಿಯಲ್ಲ. ನಾರೆಥಿಸ್ಟೆರಾನಿನ ಒಂದು ಚೂರು ಭಾಗ ದೇಹದೊಳಗೆ ಎಥಿನೈಲ್ ಈಸ್ಟ್ರಡಯೋಲ್ ಆಗಿ ಬದಲಾಗುತ್ತದೆ ಅಂತ 1990ರ ದಶಕದ ಅಧ್ಯಯನಗಳು ತೋರಿಸಿವೆ. ಗರ್ಭನಿರೋಧಕವಾಗಿ ಕೊಡುವ 0.35 ಮಿಲಿಗ್ರಾಂನಲ್ಲಿ ಅದು ಲೆಕ್ಕಕ್ಕಿಲ್ಲ. ಆದರೆ ದಿನಕ್ಕೆ 10ರಿಂದ 20 ಮಿಲಿಗ್ರಾಂ ನುಂಗಿದರೆ ಸುಮಾರು 20ರಿಂದ 30 ಮೈಕ್ರೋಗ್ರಾಂ ಈಸ್ಟ್ರೋಜೆನ್ ನುಂಗಿದ ಹಾಗೆ. ಅಂದರೆ ಚಿಕ್ಕಮ್ಮನ ದಿನದ 15 ಮಿಲಿಗ್ರಾಂ, ಹೆಚ್ಚುಕಡಿಮೆ ಒಂದು ಸಂಯುಕ್ತ ಮಾತ್ರೆಗೆ ಸಮ. ಹಾಗಾಗಿಯೇ ಹೆಪ್ಪುಗಟ್ಟುವ ಸಾಧ್ಯತೆ ಹೆಚ್ಚಿರುವವರಿಗೆ ಮೆಡ್ರಾಕ್ಸಿಪ್ರೊಜೆಸ್ಟರಾನ್‌ನಂಥ ಬೇರೆ ಔಷಧಿ ಯೋಚಿಸುವುದುಂಟು. ಆದರೆ ಸಾಧ್ಯತೆ ಇದೆ ಅಂತ ಡಾಕ್ಟರಿಗೆ ಗೊತ್ತಾಗಬೇಕಲ್ಲ, ಚಿಕ್ಕಪ್ಪ ಹೋಗಿ ತಂದರೆ ಹೇಗೆ ಗೊತ್ತಾಗಬೇಕು?

ಹೆದರಿಸೋದು ನನ್ನ ಉದ್ದೇಶ ಅಲ್ಲ. ಯುರೋಪಿನ ಔಷಧಿ ಸಂಸ್ಥೆ 2013ರಲ್ಲಿ ಕೊಟ್ಟ ಲೆಕ್ಕದಲ್ಲಿ, ಯಾವ ಹಾರ್ಮೋನೂ ತಗೊಳ್ಳದ, ಬಸಿರಿಲ್ಲದ 10,000 ಹೆಂಗಸರಲ್ಲಿ ವರ್ಷಕ್ಕೆ ಸುಮಾರು 2 ಜನಕ್ಕೆ ಹೆಪ್ಪುಗಟ್ಟುತ್ತದೆ. ಸಂಯುಕ್ತ ಮಾತ್ರೆ ತಗೊಳ್ಳುವವರಲ್ಲಿ 5ರಿಂದ 12, ಯಾವ ಮಾತ್ರೆ ಅನ್ನೋದರ ಮೇಲೆ. ನಮ್ಮಲ್ಲಿ ಪಿ.ಸಿ.ಓ.ಎಸ್.ಗೆ ತುಂಬಾ ಬರೆಯುವ ಡ್ರೊಸ್ಪಿರೆನೋನ್ ಇರುವವು ಆ ಮೇಲಿನ ತುದಿಯಲ್ಲಿವೆ. ಬಸಿರು, ಬಾಣಂತನದಲ್ಲಿ ಅಪಾಯ ಇದಕ್ಕಿಂತಲೂ ಹೆಚ್ಚು. ಅಂದರೆ ಬಹುತೇಕರಿಗೆ ಏನೂ ಆಗಲ್ಲ. ಆ ಕೆಲವರು ಯಾರು ಅಂತ ಮೊದಲೇ ಊಹಿಸಲು ಸಿಗುವ ಸುಳಿವು ನಾವು ಕೊಡುವ ಉತ್ತರದಲ್ಲೇ ಇದೆ.

ಹಾಗಾಗಿ ನಾನು ಮಾತ್ರೆ ಶುರುಮಾಡುವ ಮುಂಚೆ ಡಾಕ್ಟರಿಗೆ ಫೋನ್ ಮಾಡಿ ಚಿಕ್ಕಮ್ಮನ ಕಥೆ ಹೇಳಿದೆ. ಅವರು ಬೈಯಲಿಲ್ಲ, ಒಳ್ಳೆಯದಾಯಿತು ಅಂದರು. ಸಾಲಾಗಿ ಕೇಳಿದರು: ಸಿಗರೇಟ್ ಇದೆಯಾ, ಕಣ್ಣ ಮುಂದೆ ಮಿಂಚು ಬಂದು ಶುರುವಾಗುವ ಮೈಗ್ರೇನ್ ಇದೆಯಾ, ಲಿವರ್ ತೊಂದರೆ, ಸ್ತನದ ಕ್ಯಾನ್ಸರ್ ಇತ್ತಾ, ಟಿ.ಬಿ.ಗೆ ರಿಫಾಂಪಿಸಿನ್ ಅಥವಾ ಫಿಟ್ಸಿಗೆ ಮಾತ್ರೆ ತಗೋತಿದೀರಾ (ಇವು ಹಾರ್ಮೋನಿನ ಪರಿಣಾಮ ಕುಗ್ಗಿಸುತ್ತವಂತೆ). ಬಸಿರಿಲ್ಲ ಅಂತ ಟೆಸ್ಟ್ ಮೊದಲೇ ಆಗಿತ್ತು, ಸ್ಕ್ಯಾನೂ ಆಗಿತ್ತು. ಚಿಕ್ಕಮ್ಮನಿಗೆ ಬೇರೆ ಕಾರಣಗಳೂ ಇದ್ದವು, ನಿಮಗೆ ಏಳು ದಿನಕ್ಕೆ ತಗೊಳ್ಳಬಹುದು, ಆದರೆ ಇದನ್ನು ಗರ್ಭನಿರೋಧಕ ಅಂತ ನಂಬಬೇಡಿ ಅಂದರು. ಒಂದೇ ಕಾಲು ಊದಿ ನೋವು ಬಂದರೆ, ಉಸಿರು ಕಟ್ಟಿದರೆ, ಎದೆ ನೋವಾದರೆ, ಹಿಂದೆಂದೂ ಬಾರದ ತಲೆನೋವು ಬಂದರೆ, ಕಣ್ಣು ಮಂಜಾದರೆ ನಿಲ್ಲಿಸಿ ಸೀದಾ ಆಸ್ಪತ್ರೆಗೆ. ಬೇರೆ ಸಣ್ಣಪುಟ್ಟ ವಾಕರಿಕೆಗೆಲ್ಲ ಮಧ್ಯದಲ್ಲಿ ನಿಲ್ಲಿಸಬೇಡಿ, ಫೋನ್ ಮಾಡಿ. ಕೋರ್ಸ್ ಮುಗಿದ ಎರಡು ಮೂರು ದಿನಕ್ಕೆ ಮತ್ತೆ ರಕ್ತ ಬರುತ್ತದೆ, ಅದು ಬರಬೇಕಾದದ್ದೇ. ಮೂರೇ ನಿಮಿಷದ ಮಾತು. ಮೂರನೇ ದಿನಕ್ಕೆ ರಕ್ತಸ್ರಾವ ನಿಂತಿತು.

ಆ ಕಾಗದವನ್ನು ರಿಪೋರ್ಟುಗಳ ಜೊತೆ ಫೈಲಿಗೆ ಸೇರಿಸಿದ್ದೀನಿ. ಮುಖ್ಯವಾದ ಹತ್ತು ಸಾಲನ್ನು ಕನ್ನಡದಲ್ಲಿ ಬರೆದು ಚಿಕ್ಕಮ್ಮನಿಗೆ ಕಳಿಸಿದೆ, ಅವರು ಅದನ್ನು ಪಕ್ಕದ ಮನೆಯವರಿಗೆ ಕೊಟ್ಟರಂತೆ. ಮೊನ್ನೆ ಐರನ್ ಮಾತ್ರೆ ತರಲು ಅದೇ ಅಂಗಡಿಗೆ ಹೋಗಿದ್ದೆ. ಹುಡುಗ ಸ್ಟ್ರಿಪ್ಪಿನ ಜೊತೆ ಕಾಗದವನ್ನೂ ಕವರಿಗೆ ಹಾಕಿ ಒಳಗಿದ್ದ ಓನರಿಗೆ ಕೂಗಿ ಹೇಳಿದ, "ಪೇಪರ್ ಮೇಡಂ ಬಂದಿದಾರೆ ಸಾರ್."